ಮಳೆ ನೀರು, ಚೀಲದ ಉಪ್ಪು

ಕಾಪುವಿನಲ್ಲಿ ಕಡಲಿಗೆ ಮುಖ ಮಾಡಿ ಮನೆ ಕಟ್ಟಿದವರಿಗೆ ಉಪ್ಪಿನ ಜೊತೆ ಜಗಳ ತಪ್ಪಿದ್ದಲ್ಲ. ಕಿಟಕಿಯ ಸರಳು ಕೆಲವು ಮಳೆಗಾಲ ಕಂಡರೆ ಪದರ ಪದರವಾಗಿ ಉದುರುತ್ತದೆ. ಸ್ಕೂಟರಿನ ಸೈಲೆನ್ಸರಿಗೆ ತೂತು ಬೀಳುತ್ತದೆ. ಟಿ.ವಿ. ರಿಪೇರಿಯವನು ಒಳಗಿನ ಬೋರ್ಡು ತೋರಿಸಿ ‘ಇದು ಕಡಲ ಗಾಳಿಯ ಕೆಲಸ’ ಎಂದು ಕೈ ಒರೆಸಿಕೊಳ್ಳುತ್ತಾನೆ. ಇಂಥ ಊರಿನಲ್ಲಿ, 1901ರಿಂದ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ ತಾರಸಿಯಿಂದ ಕಾಣುವ ಮನೆಯೊಂದಕ್ಕೆ, 2021ರ ಮಳೆಗಾಲದಲ್ಲಿ ಕೊರಿಯರಿನಲ್ಲಿ ಉಪ್ಪು ಬಂತು. ತರಿಸಿಕೊಂಡವರು ನಿವೃತ್ತ ಬ್ಯಾಂಕ್ ಮ್ಯಾನೇಜರರು. ಹೊತ್ತು ತಂದ ಹುಡುಗ ಜಗಲಿಯಲ್ಲಿ ಚೀಲ ಇಳಿಸಿ, ಅದರ ಮೇಲಿನ ಬರಹವನ್ನೊಮ್ಮೆ ಕಡಲನ್ನೊಮ್ಮೆ ನೋಡಿದ. ಏನೂ ಕೇಳಲಿಲ್ಲ. ಕೇಳಿದ್ದರೆ ಮ್ಯಾನೇಜರರ ಬಳಿ ಉದ್ದದ ಉತ್ತರವೊಂದು ತಯಾರಿತ್ತು.

ಉತ್ತರದ ಬುಡ ಇದ್ದದ್ದು ಮಣಿಪಾಲದಲ್ಲಿ.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದಂದಿನಿಂದ ಆ ಗುಡ್ಡಕ್ಕೆ ಬರುವವರು, ಬಿಟ್ಟು ಹೋಗುವವರು ಇದ್ದೇ ಇದ್ದಾರೆ. ಹೋಗುವಾಗ ಮಂಚ, ಓದುವ ಮೇಜು, ಫ್ರಿಜ್ಜು, ಗಿಟಾರು, ಸೈಕಲ್ಲು ಎಲ್ಲ ಅಲ್ಲೇ ಉಳಿಯುತ್ತವೆ. ಅರ್ಧ ಬೆಲೆಗೆ, ಕಾಲು ಬೆಲೆಗೆ ಕೈ ಬದಲಾಗುತ್ತವೆ. ಮ್ಯಾನೇಜರರು ಅಲ್ಲಿಗೆ ಹೋದದ್ದು ಪುಸ್ತಕದ ಕಪಾಟು ನೋಡಲು. ಫ್ಲ್ಯಾಟಿನಲ್ಲಿದ್ದ ಯುವ ವೈದ್ಯ ಕೊರೊನಾ ಕಾಲದಲ್ಲಿ ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ. ಸಾಮಾನು ಮಾರಿಸುವ ಹೊಣೆ ವಾಚ್‌ಮನ್ ಮೇಲೆ ಬಿದ್ದಿತ್ತು. ಕಪಾಟಿನ ಪಕ್ಕದಲ್ಲಿ ತುಕ್ಕು ಹಿಡಿದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ ಇತ್ತು. ಗಾಜಿನ ತುಂಬ ಕಂದು ಪಾಚಿ, ಅಂಚಿನುದ್ದಕ್ಕೂ ಬಿಳಿ ಉಪ್ಪಿನ ಹೊಪ್ಪಳೆ. ಒಳಗೆ ಏನೋ ಅಲುಗಿತು.

‘ಅದೊಂದು ಮೀನು ಇನ್ನೂ ಉಂಟು ಸಾರ್’ ಎಂದ ವಾಚ್‌ಮನ್. ‘ಬಾಕಿ ಎಲ್ಲ ಹೋದವು.’

ಇಂಗ್ಲಿಷಿನಲ್ಲಿ ಡಾಮಿನೊ ಡ್ಯಾಮ್ಸೆಲ್ ಎನ್ನುತ್ತಾರೆ. ಕಪ್ಪು ಮೈ, ಹಣೆಯ ಮೇಲೊಂದು, ಎರಡು ಪಕ್ಕೆಗೆ ಒಂದೊಂದು ಬಿಳಿ ಚುಕ್ಕೆ. ಹವಳದ ದಿಬ್ಬಗಳ ಮೀನುಗಳಲ್ಲಿ ಇದರಷ್ಟು ಗಟ್ಟಿ ಜೀವ ಕಡಿಮೆ. ವಾಚ್‌ಮನ್ ಅದಕ್ಕೆ ಬಿಸ್ಕಿಟ್ ಪುಡಿ ಹಾಕುತ್ತಿದ್ದ. ನೀರು ತಗ್ಗಿದಾಗ ನಳ್ಳಿಯಿಂದ ತುಂಬಿಸಿ, ‘ಇದು ಉಪ್ಪು ನೀರಿನ ಟ್ಯಾಂಕ್’ ಎಂದು ವೈದ್ಯ ಹೇಳಿದ್ದು ನೆನಪಿಟ್ಟು, ಪ್ರತಿ ಸಲವೂ ಒಂದು ಮುಷ್ಟಿ ಹರಳುಪ್ಪು ಸೇರಿಸುತ್ತಿದ್ದ. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ತುಂಬಿಸಬೇಕಾದದ್ದು ಸಿಹಿ ನೀರು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆದರೂ ಆ ಮನೆಯಲ್ಲಿ ಒಂದು ಜೀವ ಉಳಿದಿದ್ದರೆ ಅದು ಅವನ ಬಿಸ್ಕಿಟಿನಿಂದಲೇ. ಕಪಾಟನ್ನು ಬೇರೆ ಯಾರೋ ಕೊಂಡರು. ಮ್ಯಾನೇಜರರು ತೊಟ್ಟಿ ಕೊಂಡರು.

ಈ ಮನುಷ್ಯನಿಗೆ ಮೀನಿನ ಜೊತೆ ಯಾವ ನಂಟೂ ಇರಲಿಲ್ಲ ಎಂಬುದು ಇಲ್ಲಿ ಮುಖ್ಯ. ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ, ಬಸದಿಗಳ ನೆರಳಿನಲ್ಲಿ. ಮನೆಯಲ್ಲಿ ಮೀನು ಬೇಯಿಸಿದವರಲ್ಲ. ಕಾಪುವಿಗೆ ಬಂದು ಇಷ್ಟು ವರ್ಷವಾದರೂ ಬಂಗುಡೆಗೂ ಬೂತಾಯಿಗೂ ವ್ಯತ್ಯಾಸ ಹೇಳಲು ಬರುತ್ತಿರಲಿಲ್ಲ; ಈ ಊರಿನಲ್ಲಿ ಅದು ಅಕ್ಷರ ಬಾರದವನಿಗಿಂತ ಕಡೆ. ಇದ್ದದ್ದೆಂದರೆ ಬ್ಯಾಂಕಿನಿಂದ ಬಂದ ಒಂದು ಚಟ. ಏನೇ ಆದರೂ ತಾರೀಕು ಹಾಕಿ ಬರೆದಿಡುವುದು. ಜೊತೆಗೆ ಅಕ್ಕನ ಮಗನೊಬ್ಬ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು.

ಫೋನಿನಲ್ಲಿ ಸುದ್ದಿ ಕೇಳಿ ಅವನು ಮೊದಲು ಹೇಳಿದ್ದು: ‘ಮಾವ, ಮರಳು ಕದಡಬೇಡಿ.’

ವರ್ಷಗಟ್ಟಲೆ ಕೈ ಹಾಕದ ಮರಳಿನ ತಳದಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಬದುಕುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಆ ವಿಷ ಒಮ್ಮೆಲೇ ನೀರಿಗೆ ಬಂದರೆ, ಬಿಸ್ಕಿಟ್ ತಿಂದು ಬದುಕಿದ ಮೀನೂ ನಿಮಿಷಗಳಲ್ಲಿ ಮಲಗೀತು. ಹಾಗಾಗಿ ಮೊದಲು ಮೀನು ಹೊರಗೆ. ಅದಿದ್ದ ನೀರನ್ನೇ ಬಕೆಟಿಗೆ ತೆಗೆದು, ಹಳೆಯ ಫಿಲ್ಟರಿನ ಸ್ಪಂಜು, ಸೆರಾಮಿಕ್ ಉಂಗುರಗಳನ್ನು ಒಣಗಲು ಬಿಡದೆ ಅದೇ ನೀರಿನಲ್ಲಿ ಮುಳುಗಿಸಿ, ಬ್ಯಾಟರಿಯ ಏರ್ ಪಂಪ್ ಹಚ್ಚಿದ್ದಾಯಿತು. ಬಳಿಕ ಕಲ್ಲು, ಕೊನೆಗೆ ಮರಳು. ಮರಳಿನ ತಳ ಮಸಿ ಕಪ್ಪಾಗಿತ್ತು. ಫ್ಲ್ಯಾಟಿನ ಕಿಟಕಿಗಳನ್ನೆಲ್ಲ ತೆರೆದರೂ ಪಕ್ಕದ ಮನೆಯವರು ಬಂದು ಏನು ಸತ್ತಿದೆ ಎಂದು ವಿಚಾರಿಸಿಕೊಂಡು ಹೋದರು.

ಖಾಲಿ ತೊಟ್ಟಿ ಗೂಡ್ಸ್ ಟೆಂಪೋದಲ್ಲಿ, ಹಾಸಿಗೆಯ ಮೇಲೆ ಮಲಗಿ, ಟರ್ಪಾಲು ಹೊದ್ದು ಹೊರಟಿತು. ಇಂದ್ರಾಳಿ, ಕಡಿಯಾಳಿ, ಕಲ್ಸಂಕ ದಾಟಿ ಹೆದ್ದಾರಿ ಸೇರುವವರೆಗೆ ಡ್ರೈವರ್ ಪ್ರತಿ ಹಂಪಿಗೂ ಹಿಂದೆ ತಿರುಗಿ ನೋಡುತ್ತಿದ್ದ. ಉದ್ಯಾವರದ ಸೇತುವೆಯಲ್ಲಿ ಮಳೆ ಎಷ್ಟು ಜೋರಾಯಿತೆಂದರೆ ಹೊಳೆ ಎಲ್ಲಿ ಮುಗಿಯಿತು, ರಸ್ತೆ ಎಲ್ಲಿ ಶುರುವಾಯಿತು ಎಂದು ಕಾಣಲಿಲ್ಲ. ಮೀನು ಮಾತ್ರ ಮುಚ್ಚಿದ ಬಕೆಟಿನಲ್ಲಿ, ಮ್ಯಾನೇಜರರ ಎರಡು ಕಾಲುಗಳ ನಡುವೆ, ಮುಂದಿನ ಸೀಟಿನಲ್ಲಿ ಕಾಪುವಿಗೆ ಬಂತು.

ಅಂದು ಸಂಜೆ ಸೋದರಳಿಯ ತಂದ ರಿಫ್ರಾಕ್ಟೋಮೀಟರಿನ ಗಾಜಿಗೆ ಬಕೆಟಿನ ಒಂದು ಹನಿ ಬಿಟ್ಟು ನೋಡಿದರೆ ಸಾಂದ್ರತೆ 1.034. ಕಡಲಿನದು 1.025ರ ಆಸುಪಾಸು, ಅಂದರೆ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಸಿಹಿ ನೀರು ಸುರಿದು ಒಂದೇ ಏಟಿಗೆ ಸರಿ ಮಾಡಬಹುದಿತ್ತು. ಮಾಡಲಿಲ್ಲ. ಕಡಲ ಮೀನಿನ ಮೈಯೊಳಗಿನ ಉಪ್ಪು ಸುತ್ತಲಿನ ನೀರಿಗಿಂತ ಕಡಿಮೆ. ಆದ್ದರಿಂದ ಅದು ಸದಾ ನೀರು ಕಳೆದುಕೊಳ್ಳುತ್ತ, ಕುಡಿಯುತ್ತ, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತ ಇರುತ್ತದೆ. ಆ ಲೆಕ್ಕವನ್ನು ಅದು ದಿನದಿನಕ್ಕೆ ಹೊಂದಿಸಿಕೊಳ್ಳಬಲ್ಲದು, ಗಂಟೆಯೊಳಗೆ ಆಗುವುದಿಲ್ಲ. ಎರಡಡಿಯ ಚಿಕ್ಕ ತೊಟ್ಟಿಯೊಂದನ್ನು ತಂದು, ಅದರಲ್ಲಿ ಮೀನು ಬಿಟ್ಟು, ದಿನಕ್ಕೆ ಒಂದೊಂದು ಅಂಶ ಇಳಿಸುತ್ತ ಬಂದರು. ಉದ್ದ ಲೆಡ್ಜರ್ ಪುಸ್ತಕದ ಮೊದಲ ಪುಟದಲ್ಲಿ ಆ ಇಳಿಕೆ ಈಗಲೂ ಇದೆ.

ತೊಟ್ಟಿಯಿಂದ ತೆಗೆದ ಕಲ್ಲುಗಳನ್ನು ಅಂಗಳದಲ್ಲಿ ತೊಳೆದಾಗ ಬೇರೊಂದು ಕಥೆ ಹೊರಬಿತ್ತು. ಪಾಚಿ ಉಜ್ಜಿದರೆ ಒಂದು ಕವಲು ಕವಲಾಗಿ ಟಿಸಿಲೊಡೆದ ಬಿಳಿ ಹವಳ. ಇನ್ನೊಂದು ಮಿದುಳಿನ ಮಡಿಕೆಗಳಿರುವ ಉಂಡೆ. ಉಳಿದವೂ ಅದೇ ಜಾತಿ. ಎಲ್ಲ ಸತ್ತ ಹವಳದ ಅಸ್ಥಿ. ಮಡದಿಗೆ ಇಷ್ಟವಾಯಿತು, ಷೋಕೇಸಿನಲ್ಲಿಡೋಣ ಎಂದರು. ಸೋದರಳಿಯ ಬೇಡವೆಂದ. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ ಸೇರಿವೆ. ಹುಲಿ ಇರುವ ಪಟ್ಟಿ ಅದು. ಸತ್ತದ್ದೂ ಸರ್ಕಾರದ ಸ್ವತ್ತೇ. ಕೈಗೆ ಬಂದವರು 48 ಗಂಟೆಗಳ ಒಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕು ಎಂದು ಕಾಯಿದೆಯ 39ನೇ ಸೆಕ್ಷನ್ ಹೇಳುತ್ತದೆ. ನಾಳೆ ನೋಡೋಣ ಎನ್ನುವ ಜಾಯಮಾನ ಮ್ಯಾನೇಜರರದ್ದಲ್ಲ. ಕಲ್ಲುಗಳ ತೂಕ, ಸಿಕ್ಕ ಜಾಗ, ಸಿಕ್ಕ ಬಗೆ ಎಲ್ಲ ಬರೆದ ಅರ್ಜಿಯೊಂದಿಗೆ ಗೋಣಿಚೀಲ ಅರಣ್ಯ ಇಲಾಖೆಯ ಕಚೇರಿಗೆ ಹೋಯಿತು. ಅಲ್ಲಿಯವರು ಮಹಜರು ಬರೆದು ಚೀಲ ಒಳಗಿಟ್ಟರು. ಉಪ್ಪುನೀರಿನ ತೊಟ್ಟಿ ಇಡುವವರಲ್ಲಿ ಈ ಕಾನೂನಿನ ಮಾತು ಬಂದರೆ ವಿಷಯ ಬದಲಾಯಿಸುವವರು ಈಗಲೂ ಕಡಿಮೆಯಿಲ್ಲ. ಅಂಗಡಿಯವನು ಕೊಟ್ಟ, ನಾವು ಕೊಂಡೆವು ಎನ್ನುವುದು ಅವರ ವಾದ. ವಾದವೇನೋ ಸಲೀಸಾಗಿದೆ, ಹವಳ ಬೆಳೆಯುವುದು ಅಷ್ಟು ಸಲೀಸಲ್ಲ. ಉಂಡೆ ಹವಳಗಳು ವರ್ಷಕ್ಕೆ ಕೆಲವೇ ಮಿಲಿಮೀಟರ್ ಹೆಚ್ಚುತ್ತವೆ.

ಈ ಹವ್ಯಾಸದ ಆದಿಯಲ್ಲೇ ಈ ತೊಡಕು ಇದೆ. 1846ರಲ್ಲಿ ಅನ್ನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ತೀರದಿಂದ ಸಣ್ಣ ಹವಳಗಳನ್ನು ಲಂಡನ್ನಿಗೆ ತಂದಳು. ಪಂಪು, ವಿದ್ಯುತ್ತು ಇಲ್ಲದ ಕಾಲ. ಮನೆಯ ಕೆಲಸದಾಕೆ ತೆರೆದ ಕಿಟಕಿಯ ಎದುರು ನಿಂತು ಕಡಲ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮೇಲಿನಿಂದ ಸುರಿದು ಗಾಳಿ ಬೆರೆಸುತ್ತಿದ್ದಳು, ದಿನಾ ಮುಕ್ಕಾಲು ಗಂಟೆಯ ತನಕ. ಆ ಕೆಲಸದಾಕೆಯ ಹೆಸರನ್ನು ಕಥೆ ಹೇಳುವವರು ಹೇಳುವುದೇ ಇಲ್ಲ. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಪುಸ್ತಕ ತಂದ ಮೇಲೆ ಅದೊಂದು ಹುಚ್ಚಾಗಿ ಹಬ್ಬಿತು. ಜನ ಬುಟ್ಟಿ ಹಿಡಿದು ಬಂಡೆಗಳ ನಡುವಿನ ಮಡುಗಳಿಗೆ ನುಗ್ಗಿದರು. ಆ ಮಡುಗಳು ಬರಿದಾದದ್ದಕ್ಕೆ ಅಪ್ಪನ ಪುಸ್ತಕಗಳೂ ಕಾರಣ ಎಂದು ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ.

ಕಲ್ಲು ಹೋಯಿತು. ಆದರೆ ಕಲ್ಲಿಲ್ಲದೆ ಉಪ್ಪುನೀರಿನ ತೊಟ್ಟಿ ನಡೆಯುವುದಿಲ್ಲ. ಅಂದಕ್ಕಲ್ಲ, ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಮನೆ ಮಾಡುವುದು ಕಲ್ಲಿನ ಸಂದುಗೊಂದಿನಲ್ಲಿ. ಕಡಲತೀರದ ಬಂಡೆ ಒಡೆದು ತರುವ ಮನಸ್ಸು ಇರಲಿಲ್ಲ. ಹಾಗಾದರೆ ಮಾಡಿಕೊಳ್ಳುವುದೇ ಸೈ. ಸಿಮೆಂಟು ಒಂದು ಪಾಲು, ಹೊಳೆಬಾಯಲ್ಲಿ ಸಿಗುವ ಮರುವಾಯಿಯ ಚಿಪ್ಪು ಜಜ್ಜಿದ್ದು ಮೂರು ಪಾಲು, ಹರಳುಪ್ಪು ಒಂದಷ್ಟು. ಕರಾವಳಿಯಲ್ಲಿ ಹಿಂದೆ ಇದೇ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಗೋಡೆಗೆ ಸುಣ್ಣ ಮಾಡುತ್ತಿದ್ದರು. ಇಲ್ಲಿ ಸುಡದೆ ಹಾಗೆಯೇ ಕಲಸಿ, ಹಸಿ ಮರಳಿನಲ್ಲಿ ತೋಡಿದ ಅಡ್ಡಾದಿಡ್ಡಿ ಗುಂಡಿಗಳಿಗೆ ಸುರಿದದ್ದು. ಗಟ್ಟಿಯಾದ ಮೇಲೆ ನೀರಿನಲ್ಲಿಟ್ಟರೆ ಹರಳುಪ್ಪು ಕರಗಿ ಹೋಗಿ, ಅದಿದ್ದ ಕಡೆಯೆಲ್ಲ ತೂತು ಉಳಿಯುತ್ತದೆ.

ಹಸಿ ಸಿಮೆಂಟು ನೀರಿಗೆ ಕ್ಷಾರ ಬಿಡುತ್ತದೆ. ಅದು ಪೂರ್ತಿ ಇಳಿಯುವ ತನಕ ಕಲ್ಲನ್ನು ತೊಳೆಯುತ್ತಿರಬೇಕು, ವಾರಗಟ್ಟಲೆ. ಬೇರೆ ಊರಿನವರು ಟಬ್ಬಿನಲ್ಲಿಟ್ಟು ದಿನಾ ನೀರು ಬದಲಿಸುತ್ತಾರೆ. ಮ್ಯಾನೇಜರರು ಕಲ್ಲುಗಳನ್ನು ಹಂಚಿನ ಮಾಡಿನ ಹರಿನೀರು ಬೀಳುವ ಜಾಗದಲ್ಲಿ ಸಾಲಾಗಿಟ್ಟು ಒಳಗೆ ಬಂದರು. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆಯಲ್ಲಿ ಇದಕ್ಕೆ ಆಳು ಬೇಕೆ?

ಸ್ಟ್ಯಾಂಡಿನ ಚಿಂತೆಯೂ ಹೀಗೆಯೇ ಬಗೆಹರಿಯಿತು. ತುಂಬಿದ ತೊಟ್ಟಿ ಎಂದರೆ ಇನ್ನೂರೈವತ್ತು ಕಿಲೋ ನೀರು, ಮೇಲೆ ಗಾಜು, ಕಲ್ಲು. ಕಬ್ಬಿಣ ಈ ಗಾಳಿಯಲ್ಲಿ ಬಾಳುವುದಿಲ್ಲ, ಮರಕ್ಕೆ ಗೆದ್ದಲು. ಮೇಸ್ತ್ರಿ ಮುರಕಲ್ಲಿನ ಮೂರು ಗಿಡ್ಡ ಗೋಡೆ ಎಬ್ಬಿಸಿದ. ಮೇಲಿನ ಗ್ರಾನೈಟ್ ಚಪ್ಪಡಿ ಕಾರ್ಕಳದಿಂದ ಬಂತು. ಮೇಸ್ತ್ರಿ ತನ್ನ ಟ್ಯೂಬ್ ಲೆವೆಲ್ ಹಿಡಿದು ನಾಲ್ಕೂ ಮೂಲೆ ಮಟ್ಟ ನೋಡಿದ; ಒಂದು ನೂಲು ವಾಲಿದರೂ ಗಾಜಿನ ಒಂದು ಬೆಸುಗೆಯ ಮೇಲೆ ಭಾರ ಬೀಳುತ್ತದೆ. ಚಪ್ಪಡಿಯ ಮೇಲೆ ಥರ್ಮಾಕೋಲ್ ಹಾಳೆ, ಅದರ ಮೇಲೆ ತೊಟ್ಟಿ. ಹಳೆಯ ಸಿಲಿಕೋನ್ ಸೋರುತ್ತದೋ ಎಂದು ಮೊದಲು ಜಗಲಿಯಲ್ಲೇ ಬಾವಿ ನೀರು ತುಂಬಿಸಿಟ್ಟು ಕಾದಿದ್ದರು. ಸೋರಲಿಲ್ಲ. ಪಂಪುಗಳಿಗೆ ಅಂಟಿದ ಸುಣ್ಣದ ಕರೆ ವಿನೆಗರಿನಲ್ಲಿ ನೆನೆಹಾಕಿದ ಮೇಲೆ ಬಿಟ್ಟಿತು.

ಈಗ ಆ ಉಪ್ಪಿನ ಚೀಲದ ಮಾತು. ಕಡಲು ಕೂಗಳತೆಯಲ್ಲಿರುವಾಗ ಉಪ್ಪು ಕೊಳ್ಳುವುದೇಕೆ? ಮಡದಿ ಕೇಳಿದ್ದೂ ಇದನ್ನೇ, ಸ್ವಲ್ಪ ಜೋರಾಗಿ. ಪಕ್ಕದ ಮನೆಯ ಮೀನುಗಾರರು ಉತ್ತರವನ್ನು ಒಂದೇ ಮಾತಿನಲ್ಲಿ ಮುಗಿಸಿದರು: ‘ಈಗ ಅದು ಕಡಲ ನೀರಲ್ಲ ಮ್ಯಾನೇಜ್ರೆ, ಗದ್ದೆಯ ನೀರು.’

ಅವರು ಹೇಳಿದ್ದು ಸರಿ. ಸ್ವರ್ಣಾ, ಸೀತಾ, ಉದ್ಯಾವರದ ಹೊಳೆ ಎಲ್ಲವೂ ಮಳೆಗಾಲದಲ್ಲಿ ಗದ್ದೆ, ಗುಡ್ಡ, ಪೇಟೆಗಳ ಕೆಸರನ್ನು ಹೊತ್ತು ಇಲ್ಲೇ ಕಡಲು ಸೇರುತ್ತವೆ. ತೀರದ ನೀರಿನ ಉಪ್ಪು ಇಳಿಯುತ್ತದೆ, ಬಣ್ಣ ಕೆಡುತ್ತದೆ. ಕಣ್ಣಿಗೆ ಕಾಣದ್ದು ಇನ್ನೊಂದಿದೆ. ನೈರುತ್ಯ ಮಾರುತದ ಕಾಲದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಾದ ನೀರು ಮೇಲೇರಿ ದಡದ ಕಡೆ ಬರುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ: ಮಳೆಗಾಲದ ಕೊನೆಗೆ ಈ ಅಂಚಿನ ಕಡಲಿನ ತಳದಲ್ಲಿ ಆಮ್ಲಜನಕ ಮುಗಿದೇ ಹೋಗುವ ಜಾಗಗಳಿವೆ. ಮಣಿಪಾಲದ ತೊಟ್ಟಿಯ ಮರಳಿನಡಿ ಮೂಗಿಗೆ ಬಡಿದ ವಾಸನೆಯ ರಸಾಯನ ಅಲ್ಲಿಯೂ ನಡೆಯುತ್ತದೆ. ಅಂಥ ನೀರನ್ನು ಕ್ಯಾನಿನಲ್ಲಿ ತುಂಬಿ ತಂದು ಏನು ಮಾಡುವುದು?

ಸರಿ, ಅಂಗಡಿಯ ಉಪ್ಪು? ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಈ ಕರಾವಳಿಯಲ್ಲಿ ಹೆಸರಾದದ್ದು, ಉಪ್ಪಿನಕಾಯಿಗೆ ಅದೇ ಆಗಬೇಕು ಎನ್ನುವವರಿದ್ದಾರೆ. ಆದರೆ ಆಗರದಲ್ಲಿ ಕಡಲ ನೀರು ಆರುವಾಗ ಎಲ್ಲ ಲವಣಗಳೂ ಒಟ್ಟಿಗೆ ಹರಳುಗಟ್ಟುವುದಿಲ್ಲ. ಮೊದಲು ಕ್ಯಾಲ್ಸಿಯಂ ಇಳಿಯುತ್ತದೆ, ಬಳಿಕ ನಾವು ತಿನ್ನುವ ಉಪ್ಪು; ಮೆಗ್ನೀಸಿಯಂ ಬಹುಪಾಲು ಕೊನೆಯ ಕಹಿ ನೀರಿನಲ್ಲೇ ಉಳಿದುಹೋಗುತ್ತದೆ. ಕಡಲ ಒಂದು ಲೀಟರಿನಲ್ಲಿ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ, 1,280 ಮಿಲಿಗ್ರಾಂ ಮೆಗ್ನೀಸಿಯಂ ಇರಬೇಕು. ಆ ಅಳತೆಗೆ ಕೂಡಿಸಿದ ಉಪ್ಪು ಚೀಲದಲ್ಲಿ ಬರುತ್ತದೆ, ಬೆಲೆಯೂ ಹಾಗೆಯೇ ಇರುತ್ತದೆ. ತೊಟ್ಟಿಗೆ ಬೇಕಾದದ್ದು 7 ಕಿಲೋದ ಮೇಲೆ.

ಅದನ್ನು ಕರಗಿಸಲು ನೀರು? ಇಲ್ಲಿ ಮಳೆಗಾಲ ಕೈ ಹಿಡಿಯಿತು. ಬೇರೆ ಕಡೆ ಈ ಹವ್ಯಾಸಿಗಳು ಆರ್‌ಒ ಯಂತ್ರ ಇಟ್ಟು, ಒಂದು ಲೀಟರಿಗೆ ಮೂರು ಲೀಟರ್ ಚೆಲ್ಲಿ ಶುದ್ಧ ನೀರು ಮಾಡಿಕೊಳ್ಳುತ್ತಾರೆ. ಆಷಾಢದ ಮಳೆ ನಾಲ್ಕು ದಿನ ಬಿಡದೆ ಸುರಿದು ಗಾಳಿಯ ಧೂಳನ್ನೂ ತಾರಸಿಯನ್ನೂ ತೊಳೆದ ಮೇಲೆ, ಹೊಸ ಟರ್ಪಾಲು ಕಟ್ಟಿ ಡ್ರಮ್ಮಿಗೆ ಇಳಿಸಿದ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ ಎರಡಂಕಿಯ ಕೆಳಗಿನ ತುದಿ. ಬಾವಿ ನೀರಿನದು ಅದರ ಎಷ್ಟೋ ಪಟ್ಟು. ಕಾರ್ಕಳದ ಅಕ್ಕನ ಮನೆಯ ಮಳೆ ನೀರು ಇನ್ನೂ ಕಡಿಮೆ ತೋರಿಸಿತು. ಅಲ್ಲಿಯ ಗಾಳಿಯಲ್ಲಿ ಕಡಲಿನ ಉಪ್ಪು ಇಲ್ಲ. ಬೇಸಗೆಗೆಂದು ಕೆಲವು ಕ್ಯಾನು ಅಲ್ಲಿಂದಲೂ ಬಂದವು. ಕಡಲ ತಡಿಯ ಮನೆಗೆ ಘಟ್ಟದ ತಪ್ಪಲಿನ ಮಳೆ, ಅದಕ್ಕೆ ಕೊರಿಯರಿನ ಉಪ್ಪು. ಮಡದಿಗೆ ನಗು ತಡೆಯಲಾಗಲಿಲ್ಲ.

ಗಣೇಶ ಚೌತಿ ಕಳೆದ ಮೇಲೆ ತೊಟ್ಟಿ ತುಂಬಿತು. ಕಲ್ಲು ಇಟ್ಟದ್ದಾಯಿತು. ನೀರು ತಿಳಿಯಾಯಿತು. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: ಮೀನೆಲ್ಲಿ?

ಮೀನು ಆಗಲೇ ಬಿಡುವಂತಿರಲಿಲ್ಲ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿಂದುಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಕಡಲ ನೀರು ತುಸು ಕ್ಷಾರ, ಪಿಎಚ್ 8ರ ಮೇಲೆ. ಅಂಥ ನೀರಿನಲ್ಲಿ ಅಮೋನಿಯಾ ಸಿಹಿ ನೀರಿಗಿಂತ ಹೆಚ್ಚು ಕೊಲ್ಲುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಗುಂಪು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡಬೇಕು. 1890ರ ಸುಮಾರಿಗೆ ಸೆರ್ಗೆಯಿ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ ಜೀವಿಗಳಿವು. ಇವು ನಿಧಾನಿಗಳು. ಬೇರೆ ಬ್ಯಾಕ್ಟೀರಿಯಾ ಅರ್ಧ ಗಂಟೆಗೆ ಎರಡಾದರೆ ಇವುಗಳಿಗೆ ಅರ್ಧ ದಿನ, ಒಂದು ದಿನ ಬೇಕು. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ. ಅಷ್ಟು ದಿನ ಅವಕ್ಕೆ ಅಮೋನಿಯಾದ ಊಟ ಹಾಕಬೇಕು, ಮೀನಿಲ್ಲದೆ.

ಸುಲಭದ ದಾರಿ ಎಂದರೆ ಒಂದು ಸಿಗಡಿ ಹಾಕಿ ಕೊಳೆಯಲು ಬಿಡುವುದು. ಮ್ಯಾನೇಜರರು ಜನ್ಮದಲ್ಲೇ ಮೊದಲ ಬಾರಿಗೆ ಮೀನು ಮಾರ್ಕೆಟಿನ ಒಳಗೆ ಕಾಲಿಟ್ಟರು. ‘ಸಿಗಡಿ ಉಂಟಾ?’

‘ಉಂಟು ಸ್ವಾಮಿ. ಎಷ್ಟು ಕೊಡುದು, ಅರ್ಧ ಕಿಲೋ?’

‘ಒಂದು.’

‘ಒಂದು ಕಿಲೋ.’

‘ಅಲ್ಲ, ಒಂದು ಸಿಗಡಿ.’

ಮಾರುವಾಕೆ ನಕ್ಕ ನಗು ಪಕ್ಕದ ಬುಟ್ಟಿಗಳಿಗೂ ಹಬ್ಬಿತು. ದುಡ್ಡು ತೆಗೆದುಕೊಳ್ಳದೆ ಎರಡು ಕೊಟ್ಟು ಕಳಿಸಿದಳು. ಆ ಸಿಗಡಿಗಳಿಗೆ ಮನೆಯ ಹೊಸ್ತಿಲು ದಾಟುವ ಯೋಗ ಇರಲಿಲ್ಲ. ‘ಕೊಳೆಯಲಿಕ್ಕೆ ಬಿಡುದಾ? ನಡುಮನೆಯಲ್ಲಿ?’ ಎಂದು ಮಡದಿ ಕೇಳಿದ ದನಿಗೆ ಅವು ಬೆಕ್ಕಿನ ಪಾಲಾದವು. ಸೋದರಳಿಯ ಇನ್ನೊಂದು ದಾರಿ ಹೇಳಿದ: ನವಸಾಗರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಿದ್ದ ಅದೇ ಪುಡಿ, ಅಮೋನಿಯಂ ಕ್ಲೋರೈಡ್. ಗ್ರಂಧಿಗೆ ಅಂಗಡಿಯದರಲ್ಲಿ ಬೇರೆ ಲೋಹದ ಕಲಬೆರಕೆ ಇದ್ದೀತೆಂದು ಪ್ರಯೋಗಾಲಯಕ್ಕೆ ಮಾರುವ ಶುದ್ಧ ಪುಡಿಯನ್ನೇ ತಂದರು. ಇಡೀ ತೊಟ್ಟಿಗೆ ಒಂದು ಗ್ರಾಮಿಗೆ ತುಸು ಮೇಲೆ ಸಾಕು.

ಮಣಿಪಾಲದ ಬಕೆಟಿನಲ್ಲಿ ಒದ್ದೆಯಾಗಿಯೇ ಬಂದಿದ್ದ ಸೆರಾಮಿಕ್ ಉಂಗುರಗಳು ಈಗ ಕೆಲಸಕ್ಕೆ ಬಂದವು. ಚಿಕ್ಕ ತೊಟ್ಟಿಯ ಫಿಲ್ಟರಿನಲ್ಲಿ ಡ್ಯಾಮ್ಸೆಲ್ಲಿನ ಜೊತೆ ಬದುಕಿಕೊಂಡಿದ್ದ ಅವುಗಳಲ್ಲಿ ಒಂದು ಹಿಡಿಯನ್ನು ದೊಡ್ಡದಕ್ಕೆ ಹಾಕಿದರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಲೆಡ್ಜರಿನಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಎಂದು ಮೂರು ಕಾಲಂ. ಮೊದಲನೆಯದು ಏರಿ ಇಳಿಯಿತು. ಎರಡನೆಯದು ಏರಿ, ಇಳಿಯುವ ಲಕ್ಷಣ ತೋರದೆ ನಿಂತುಬಿಟ್ಟಿತು. ನೈಟ್ರೈಟ್ ತಿನ್ನುವವು ತಡವಾಗಿ ಬರುತ್ತವೆ. ಅವು ನೈಟ್ರೊಬ್ಯಾಕ್ಟರ್ ಎಂದು ಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. 1998ರಲ್ಲಿ ಹೊವಾನೆಕ್ ಮತ್ತು ಜೊತೆಗಾರರು ಸಿಹಿ ನೀರಿನ ತೊಟ್ಟಿಗಳಲ್ಲಿ ಹುಡುಕಿದಾಗ ಸಿಕ್ಕವು ನೈಟ್ರೊಸ್ಪೈರಾ ಬಳಗದವು. ಕಾದು ಕೂತವರಿಗೆ ಹೆಸರು ಯಾವುದಾದರೇನು? ಮ್ಯಾನೇಜರರು ದಿನಾ ಸಂಜೆ ದೀಪ ಹಾಕಿ ಮೀನಿಲ್ಲದ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬ್ಯಾಂಕಿನ ಹಳೆಯ ಸಹೋದ್ಯೋಗಿಯೊಬ್ಬರು ಬಂದವರು ಸ್ವಲ್ಪ ಹೊತ್ತು ಜೊತೆಗೆ ಕೂತು, ಹೊರಗೆ ಹೋಗಿ ಮಡದಿಯ ಬಳಿ ‘ಎಲ್ಲ ಸರಿ ಉಂಟಲ್ಲ?’ ಎಂದು ಮೆಲ್ಲಗೆ ಕೇಳಿದರಂತೆ.

ನವರಾತ್ರಿಯ ಹೊತ್ತಿಗೆ ಎರಡನೆಯ ಕಾಲಂ ಸೊನ್ನೆಗೆ ಬಂತು. ಡ್ಯಾಮ್ಸೆಲ್ ತನ್ನ ಹಳೆಯ ಗಾಜಿನ ಮನೆಗೆ ಮರಳಿತು. ಎರಡು ಸುತ್ತು ಹೊಡೆದು ನಡುವಿನ ದೊಡ್ಡ ತೂತಿನೊಳಗೆ ಹೋಗಿ, ತಿರುಗಿ, ಮುಖ ಹೊರಗೆ ಹಾಕಿ ನಿಂತಿತು. ಅಂದಿನಿಂದ ಆ ತೂತು ಅದರದ್ದೇ. ಕೈ ಒಳಗೆ ಹಾಕಿದರೆ ಬಂದು ಬೆರಳು ಕಚ್ಚುತ್ತದೆ.

ಹಳೆಯ ಸ್ಕಿಮ್ಮರಿನ ಪಂಪ್ ಬದಲಿಸಿದ ಮೇಲೆ ಅದೂ ಓಡಿತು. ಸಾಸಿವೆಗಿಂತ ಸಣ್ಣ ಗುಳ್ಳೆಗಳನ್ನು ನೀರಿನಲ್ಲಿ ಎಬ್ಬಿಸಿದರೆ ಕರಗಿದ ಕೊಳೆ ಗುಳ್ಳೆಯ ಮೈಗೆ ಅಂಟಿಕೊಂಡು ನೊರೆಯಾಗಿ ಮೇಲಿನ ಬಟ್ಟಲಿಗೆ ಬಂದು ಬೀಳುತ್ತದೆ. ಜುಲೈಯಲ್ಲಿ ಕಾಪುವಿನ ದಡಕ್ಕೆ ಬಂದು ಬೀಳುವ ಕಂದು ನೊರೆಯೂ ಇದೇ ಬಗೆಯದು, ಅಲ್ಲಿ ಗುಳ್ಳೆ ಮಾಡುವುದು ಅಲೆ. ಬಟ್ಟಲಿನ ಚಹಾ ಬಣ್ಣದ ನೀರಿನ ವಾಸನೆ ನೋಡಿದವರು ಎರಡನೆಯ ಸಲ ನೋಡುವುದಿಲ್ಲ.

ಡಿಸೆಂಬರಿನಲ್ಲಿ ಪಕ್ಕದ ಮನೆಯವರೇ ಕರೆದರು. ‘ಈಗ ಬನ್ನಿ, ನೀರು ಒಳ್ಳೆದುಂಟು.’ ಜೂನ್ 1ರಿಂದ ಜುಲೈ 31ರ ತನಕದ ಮೀನುಗಾರಿಕೆ ನಿಷೇಧ ಮುಗಿದು, ಹೊಳೆಗಳ ಕೆಸರು ತಿಳಿಯಾಗಿ, ಕಡಲು ನೀಲಿಗೆ ತಿರುಗಿದ ಕಾಲ. ದಡದಲ್ಲಿ ತುಂಬಲು ಅವರು ಬಿಡಲಿಲ್ಲ. ದೋಣಿಯಲ್ಲಿ ಹೊರಗೆ ಹೋದಾಗ ಕ್ಯಾನು ತುಂಬಿ ತಂದುಕೊಟ್ಟರು. ರಿಫ್ರಾಕ್ಟೋಮೀಟರಿನಲ್ಲಿ ಆ ಹನಿ ಚೀಲದ ಉಪ್ಪಿನ ನೀರಿಗಿಂತ ಕೂದಲೆಳೆಯಷ್ಟೇ ಆಚೀಚೆ. ಕತ್ತಲಲ್ಲಿ ಕೆಲವು ದಿನ ಮುಚ್ಚಿಟ್ಟು, ಸೋಸಿ, ಅಲ್ಲಿಂದ ಮೇ ತಿಂಗಳವರೆಗೆ ತೊಟ್ಟಿಗೆ ಕಡಲ ನೀರೇ ಹೋಯಿತು. ಮೀನುಗಾರರು ಒಂದು ಸಂಜೆ ಬಂದು ಡ್ಯಾಮ್ಸೆಲ್ಲನ್ನು ಬಹಳ ಹೊತ್ತು ನೋಡಿದರು. ‘ಇದಕ್ಕೆ ಇಷ್ಟೆಲ್ಲ ಮಾಡಿದ್ದಾ?’ ಎಂದವರು ತುಸು ತಡೆದು, ‘ಸಾರಿಗೂ ಆಗುದಿಲ್ಲ ಇದು’ ಎಂದರು.

ಏಪ್ರಿಲ್ ಸೆಕೆ ಹೊಸ ಪಾಠ. ಹವಳದ ಮೀನಿಗೆ 26ರಿಂದ 28 ಡಿಗ್ರಿ ಹಿತ. ನಡುಮನೆಯ ತೊಟ್ಟಿ 31 ದಾಟಿತು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ, ಮೀನಿಗೆ ಬೇಕಾಗುವುದು ಹೆಚ್ಚು. ಬೆಂಗಳೂರಿನವರು ನೀರಿನ ಮೇಲೆ ಫ್ಯಾನ್ ಹಾಕಿ ಎರಡು ಮೂರು ಡಿಗ್ರಿ ಇಳಿಸಿಕೊಳ್ಳುತ್ತಾರೆ. ಅಲ್ಲಿಯ ಒಣ ಗಾಳಿಗೆ ನೀರು ಬೇಗ ಆವಿಯಾಗುತ್ತದೆ. ಕಾಪುವಿನ ಗಾಳಿ ಆಗಲೇ ತೊಯ್ದಿರುತ್ತದೆ, ಫ್ಯಾನಿಗೆ ಕೈಲಾದದ್ದು ಒಂದು ಡಿಗ್ರಿ ಚಿಲ್ಲರೆ. ತೊಟ್ಟಿಯನ್ನು ಬಡಗು ದಿಕ್ಕಿನ ಗೋಡೆಗೆ ಇಟ್ಟಿದ್ದು, ದೀಪವನ್ನು ಹಗಲಿಗೆ ಬದಲು ರಾತ್ರಿ ಉರಿಸಿದ್ದು ಸ್ವಲ್ಪ ಉಳಿಸಿತು. ಸಿಡಿಲು ಮಳೆಗೆ ಕರೆಂಟು ಹೋದರೆ ಬ್ಯಾಟರಿಯ ಏರ್ ಪಂಪ್ ತಾನೇ ಶುರುವಾಗುವಂತೆ ಇಟ್ಟುಕೊಂಡಿದ್ದರು.

ಆಮೇಲೆ ಬಂದದ್ದು ಕ್ಲೌನ್ ಮೀನಿನ ಜೋಡಿ. ಪೇಟೆಯಲ್ಲಿ ಸಿಗುವ ಕಡಲ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ದಿಬ್ಬಗಳಿಂದ ಹಿಡಿದು ತಂದವು. ಕ್ಲೌನ್ ಹಾಗಲ್ಲ, 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಡಪಂ, ವಿಳಿಂಜಂ ಕೇಂದ್ರಗಳವರು ಅದರ ಮರಿ ಮಾಡುವ ವಿಧಾನ ರೂಢಿಸಿದ್ದಾರೆ. ಮರಿಕೇಂದ್ರದಲ್ಲಿ ಹುಟ್ಟಿದ ಜೋಡಿಯೇ ಬೇಕೆಂದು ಮ್ಯಾನೇಜರರು ಹಟ ಹಿಡಿದು ಕಾದರು. ಈ ಮೀನು ಹುಟ್ಟುವಾಗ ಎಲ್ಲ ಗಂಡು. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಅದರ ಗಂಡು ಹೆಣ್ಣಾಗಿ, ಕಿರಿಯದು ಗಂಡಿನ ಜಾಗಕ್ಕೆ ಬರುತ್ತದೆ.

ಎರಡಡಿಯ ತೊಟ್ಟಿಯಲ್ಲಿ ಕೆಲವು ವಾರ ರೋಗ ನೋಡಿಕೊಂಡು, ದೊಡ್ಡದಕ್ಕೆ ಬಿಟ್ಟದ್ದೇ ತಡ, ಡ್ಯಾಮ್ಸೆಲ್ ತೂತಿನಿಂದ ಹೊರಬಿತ್ತು. ಸಂಜೆಯೊಳಗೆ ದೊಡ್ಡ ಕ್ಲೌನಿನ ಬಾಲದ ರೆಕ್ಕೆ ಹರಿದಿತ್ತು. ಕಲ್ಲುಗಳ ಜಾಗ ಬದಲಿಸಿದರೆ ಹಳಬನಿಗೆ ಗಡಿ ಮರೆಯುತ್ತದೆ ಎನ್ನುತ್ತಾರೆ. ಬದಲಿಸಿದರು. ಅದು ಹೊಸ ತೂತು ಹಿಡಿದು ಮತ್ತೆ ಹೊಡೆಯಿತು. ನಡುವೆ ತೂತಿನ ತಟ್ಟೆ ಅಡ್ಡ ಇಟ್ಟರೆ ತಟ್ಟೆಗೆ ಮೂತಿ ಹಚ್ಚಿ ಕಾವಲು ನಿಂತಿತು. ಅನುಭವಿಗಳೆಲ್ಲ ಕೊಟ್ಟ ಸಲಹೆ ಒಂದೇ, ಡ್ಯಾಮ್ಸೆಲ್ಲನ್ನು ಯಾರಿಗಾದರೂ ಕೊಟ್ಟುಬಿಡಿ. ಚಂದದ ಮೀನಿಗೆ ಜಾಗ ಮಾಡುವುದೇ ರೂಢಿ. ಮ್ಯಾನೇಜರರು ಒಪ್ಪಲಿಲ್ಲ. ತೊಟ್ಟಿ ಯಾರದ್ದು ಎಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ, ಡ್ಯಾಮ್ಸೆಲ್ಲಿಗೂ ಇದ್ದಂತಿಲ್ಲ.

ಕ್ಲೌನ್ ಜೋಡಿ ಕಾರ್ಕಳಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಅಕ್ಕನ ಮನೆ, ನೋಡಿಕೊಳ್ಳಲು ಸೋದರಳಿಯ, ಘಟ್ಟದ ಬುಡದ ತಂಪು. ಇನ್ನೊಂದು ಲೆಕ್ಕವೂ ಇತ್ತು. ಚೆನ್ನಾಗಿ ಸಾಕಿದ ಕ್ಲೌನ್ ಇಪ್ಪತ್ತು ವರ್ಷ ಬಾಳುತ್ತದೆ. ಮ್ಯಾನೇಜರರು ಆಗಲೇ ಅರವತ್ತು ದಾಟಿದವರು. ಮೂವತ್ತರ ಹುಡುಗನ ಮನೆಯಲ್ಲಿ ಅವು ಇರುವುದು ಮೇಲು.

ಚಿಕ್ಕ ತೊಟ್ಟಿ ಮೊದಲೇ ಕಾರಿನಲ್ಲಿ ಹೋಯಿತು. ಉಪ್ಪು, ಅಲ್ಲಿನದೇ ಮಳೆ ನೀರು ಕಲಸಿ ಇಟ್ಟದ್ದಾಯಿತು. ಹೆಪ್ಪು ಬಾಕಿ. ದೊಡ್ಡ ತೊಟ್ಟಿಯಿಂದ ಎರಡು ಸಿಮೆಂಟು ಕಲ್ಲು ತೆಗೆದು, ನೀರು ತುಂಬಿದ ಸ್ಟೀಲ್ ಡಬ್ಬದಲ್ಲಿ ಮುಳುಗಿಸಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಮ್ಯಾನೇಜರರು ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹತ್ತಿದರು. ಕಂಡಕ್ಟರ್ ಟಿಕೆಟ್ ಕೊಡಲು ಬಂದವನು ಮೂಗರಳಿಸಿದ.

‘ಹಸಿ ಮೀನು ಉಂಟಾ ಸ್ವಾಮಿ ಡಬ್ಬದಲ್ಲಿ? ಮೀನು ಒಳಗೆ ಇಡ್ಲಿಕ್ಕಿಲ್ಲ.’

‘ಮೀನಿಲ್ಲ ಮಾರಾಯ. ಕಲ್ಲು.’

‘ಕಲ್ಲು?’

ಮುಚ್ಚಳ ಬಿಚ್ಚಿ ತೋರಿಸಬೇಕಾಯಿತು. ಕಂಡಕ್ಟರ್ ಬಗ್ಗಿ ನೋಡಿದ, ಪಕ್ಕದ ಸೀಟಿನವರೂ ನೋಡಿದರು. 42 ಅಡಿಯ ಒಂದೇ ಶಿಲೆಯ ಗೊಮ್ಮಟ 1432ರಿಂದ ಬೆಟ್ಟದ ಮೇಲೆ ನಿಂತಿರುವ, ಕಲ್ಲುಕುಟಿಗರ ಉಳಿ ಸದ್ದು ಇಂದಿಗೂ ಕೇಳುವ ಊರಿಗೆ ಹೋಗುವ ಬಸ್ಸು ಅದು.

‘ಕಾರ್ಕಳಕ್ಕೆ ಕಲ್ಲು ತಕ್ಕೊಂಡು ಹೋಗುವವರನ್ನು ಇವತ್ತೇ ನೋಡಿದ್ದು’ ಎಂದು ಅವನು ಲಗೇಜಿನ ಟಿಕೆಟ್ ಹರಿಯದೆ ಮುಂದೆ ಹೋದ. ಬೆಳ್ಮಣ್ಣಿನಲ್ಲಿ ನಾಲ್ಕು ಜನ ಇಳಿದು ಸೀಟು ಖಾಲಿಯಾದಾಗ ಡಬ್ಬಕ್ಕೂ ಒಂದು ಜಾಗ ಮಾಡಿಕೊಟ್ಟ.